ಹೊಳ್ಳಿ ಹೋದವಳ ಹೆಸರು

ನಮ್ಮ ಕಡೆ ಹೆಸರಿಗೆ ಯಾರೂ ಅರ್ಥ ಕೇಳುವುದಿಲ್ಲ. ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದ ಹುಡುಗಿ ಸಾಯಬಮ್ಮ ಆಗುತ್ತಾಳೆ. ಮೊದಲಿನ ಕೂಸುಗಳು ಉಳಿಯಲಿಲ್ಲವೆಂದು ತಿಪ್ಪೆಯ ಮೇಲೆ ಹೊರಳಿಸಿ ತಂದ ಗಂಡುಮಗ ತಿಪ್ಪಣ್ಣ ಆಗುತ್ತಾನೆ. ಇಬ್ಬರೂ ಅದೇ ಹೆಸರಿನಲ್ಲಿ ಮದುವೆಯಾಗಿ, ಮಕ್ಕಳನ್ನು ಹೆತ್ತು, ಓಣಿಯವರ ಜೊತೆ ಜಗಳಾಡಿ, ಹೋಗುವ ದಿನ ಬಂದಾಗ ಹೋಗುತ್ತಾರೆ. ಹೆಸರು ಅವರಿಗೆ ಏನೂ ಮಾಡುವುದಿಲ್ಲ. ಆದರೆ ಸೈದಾಪುರದ ಸಾಯಬಮ್ಮ ಹೆತ್ತ ಒಬ್ಬಳೇ ಮಗಳಿಗೆ ತನ್ನ ಹೆಸರೇ ಬೆನ್ನಿಗೆ ಬಿದ್ದ ಬೇತಾಳವಾಯಿತು. ಅವಳ ಹೆಸರು ಒರ್ಫಾ.

ಸೈದಾಪುರದಲ್ಲಿ ರೈಲ್ವೆ ಸ್ಟೇಷನ್ನಿನ ಆಚೆ ಬದಿಗೆ ಒಂದು ಸಣ್ಣ ಚರ್ಚು ಇದೆ. ಅದಕ್ಕೆ ಹೋಗುವ ಮನೆಗಳು ಬೆರಳೆಣಿಕೆಯಷ್ಟು. ಅಲ್ಲಿ ಓದು ಬಾರದ ಮುದುಕಿಯರ ಕಾಲದಿಂದ ಬಂದ ಒಂದು ರೂಢಿ. ಬಾಣಂತಿ ಕೂಸನ್ನು ಎತ್ತಿಕೊಂಡು ಮೊದಲ ಸಲ ಚರ್ಚಿಗೆ ಬಂದ ದಿನ ಪಾದ್ರಿಗಳು ಬೈಬಲ್ಲನ್ನು ಎಲ್ಲೋ ಒಂದು ಕಡೆ ತೆರೆದು ಅವಳ ಮುಂದೆ ಹಿಡಿಯಬೇಕು. ಆಕೆ ಕಣ್ಣು ಮುಚ್ಚಿ ಬೆರಳಿಡಬೇಕು. ಹೆಣ್ಣುಕೂಸಾದರೆ ಬೆರಳಿಗೆ ಹತ್ತಿರವಿದ್ದ ಹೆಂಗಸಿನ ಹೆಸರು, ಗಂಡಾದರೆ ಗಂಡಸಿನ ಹೆಸರು. ಆ ಮಂದಿಯಲ್ಲಿ ಒಬ್ಬ ನೆಬೂಕದ್ನೆಚ್ಚರ ಇದ್ದಾನೆ. ಬಾಬೆಲಿನ ಆ ದೊಡ್ಡ ಅರಸನ ಹೆಸರಿಟ್ಟುಕೊಂಡು ಅವನು ಸ್ಟೇಷನ್ ಮುಂದೆ ಆಟೋ ಓಡಿಸುತ್ತಾನೆ. ಎಲ್ಲರೂ ಅವನನ್ನು ನೆಬ್ಯಾ ಅಂತಲೇ ಕೂಗುತ್ತಾರೆ.

ಸಾಯಬಮ್ಮನ ಬೆರಳು ಬಿದ್ದದ್ದು ರೂತಳ ಕಥೆಯ ಮೊದಲ ಪುಟದ ಮೇಲೆ. ಆ ಕಥೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನೊವೊಮಿ ಎಂಬ ಹೆಂಗಸು ಬರಗಾಲಕ್ಕೆ ಊರು ಬಿಟ್ಟು ಗಂಡನ ಜೊತೆ ಮೋವಾಬ್ ದೇಶಕ್ಕೆ ಹೋಗಿ, ಅಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡಳು. ಉಳಿದವರು ಇಬ್ಬರು ಸೊಸೆಯರು, ಆ ದೇಶದ ಹೆಣ್ಣುಮಕ್ಕಳು. ಮುದುಕಿ ತನ್ನೂರಿಗೆ ಹೊರಟಾಗ ಇಬ್ಬರೂ ಅವಳ ಬೆನ್ನು ಹತ್ತಿದರು. ದಾರಿಯಲ್ಲಿ ಮುದುಕಿ ನಿಂತು, ನಿಮ್ಮ ನಿಮ್ಮ ತಾಯಿಯ ಮನೆಗೆ ಹೋಗಿರವ್ವ ಎಂದಳು. ರೂತ್ ಹೋಗಲಿಲ್ಲ. ಒರ್ಫಾ ಅತ್ತಳು, ಅತ್ತೆಗೆ ಮುದ್ದಿಟ್ಟಳು, ಬಂದ ದಾರಿಯಲ್ಲೇ ತವರಿಗೆ ಹೊಳ್ಳಿ ಹೋದಳು. ರೂತಳ ಮರಿಮೊಮ್ಮಗ ದಾವೀದ ಅರಸನಾದ. ಒರ್ಫಾ ಏನಾದಳೆಂದು ಆ ಗ್ರಂಥ ಮುಂದೆ ಒಂದು ಸಾಲೂ ಬರೆಯಲಿಲ್ಲ.

ಹೀಬ್ರೂ ಬಲ್ಲವರು ಆ ಹೆಸರಿಗೆ ಹೆಡಕು ಎಂದು ಅರ್ಥ ಹೇಳುತ್ತಾರೆ, ಕುತ್ತಿಗೆಯ ಹಿಂಭಾಗ. ಬೆನ್ನು ತಿರುಗಿಸಿ ಹೋಗುವವಳದ್ದು ಕಾಣುವುದು ಅದೇ ತಾನೆ. ಜಿಂಕೆಮರಿ ಎಂದು ಹೇಳುವವರಿದ್ದಾರೆ, ಮೋಡ ಎನ್ನುವವರೂ ಇದ್ದಾರೆ. ಆದರೆ ಸೈದಾಪುರದ ತನಕ ಬಂದದ್ದು ಹೆಡಕೊಂದೇ. ಒಳ್ಳೆಯ ಅರ್ಥಗಳಿಗೆ ನಮ್ಮ ಕಡೆ ಬರಲು ಬಸ್ಸು ಸಿಗುವುದಿಲ್ಲ.

ಪಾದ್ರಿಗಳು ಹೆಸರು ನೋಡಿ ತಡವರಿಸಿದರು. “ಇನ್ನೊಮ್ಮಿ ಬೆರಳಿಡವ್ವ,” ಎಂದರು.

“ಯಾಕ್ರಿ? ಈಕಿ ಯಾರು?” ಎಂದು ಕೇಳಿದಳು ಸಾಯಬಮ್ಮ.

“ನೊವೊಮಿ ಸೊಸಿ. ಅತ್ತಿ ಕೂಡ ಹೋಗ್ಲಿಲ್ಲ. ತನ್ನ ಅವ್ವನ ಮನಿಗಿ ಹೊಳ್ಳಿ ಹೋದ್ಲು.”

“ಅವ್ವನ ಮನಿಗಿ ಹೋದ್ಲಾ? ಹಂಗಾರ ಇದೇ ಇರ್ಲಿರಿ. ನನ್ನ ಮಗಳೂ ನನ್ನ ಮನಿಗಿ ಬರ್ಲಿ.”

ಸಾಯಬಮ್ಮನಿಗೆ ತವರಿರಲಿಲ್ಲ. ತಾಯಿ ಸತ್ತ ಮೇಲೆ ಹಬ್ಬಕ್ಕೆ ಕರೆಯುವವರಿಲ್ಲದೆ, ಗಂಡ ಹೊಡೆದಾಗ ಹೋಗಿ ಅಳಲು ಒಂದು ಹೊಸ್ತಿಲಿಲ್ಲದೆ ಬಾಳಿದವಳು. ಆ ಗಂಡ ಮಾನಪ್ಪನೂ ಮಗಳು ಹೆಜ್ಜೆ ಹಾಕುವ ಮೊದಲೇ ತೀರಿಕೊಂಡ. ಆಕೆ ಸ್ಟೇಷನ್ ಬಳಿಯ ಬಾಡಿಗೆ ಕೋಣೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತ ಮಗಳನ್ನು ದೊಡ್ಡವಳನ್ನು ಮಾಡಿದಳು. ಹೊಳ್ಳಿ ಬರುವ ಮಗಳ ಹೆಸರು ಆಕೆಗೆ ಎಲ್ಲಕ್ಕಿಂತ ಚಂದ ಕಂಡಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಮಗಳಿಗೆ ಹಾಗೆ ಕಾಣಲಿಲ್ಲ. ಸಂಡೇಸ್ಕೂಲಿನಲ್ಲಿ ಮಕ್ಕಳಿಂದ ರೂತಳ ಆಟ ಕಟ್ಟಿಸಿದಾಗ, ಒರ್ಫಾಳ ಪಾತ್ರ ಯಾರಿಗೆ ಎಂಬ ಪ್ರಶ್ನೆಯೇ ಏಳಲಿಲ್ಲ. ಪಾಠ ಹೇಳುತ್ತಿದ್ದ ಮರಿಲಿಂಗಮ್ಮ ಟೀಚರು, “ನಿಂದು ನಿನಗೇ,” ಎಂದು ನಕ್ಕು ಅವಳನ್ನು ಎಡಬದಿಗೆ ನಿಲ್ಲಿಸಿದರು. ಅವಳ ಕೆಲಸ ಮೂರೇ: ಅಳುವುದು, ಮುದ್ದಿಡುವುದು, ಹೋಗುವುದು. ಅವಳು ಹೋದ ಮೇಲೂ ಆಟ ಬಹಳ ಹೊತ್ತು ನಡೆಯಿತು, ರೂತ್ ಆದ ಹುಡುಗಿಗೆ ಜನ ಚಪ್ಪಾಳೆ ಹೊಡೆದರು, ಒರ್ಫಾ ಗೋಡೆಯ ಹಿಂದೆ ನಿಂತು ಅದನ್ನೆಲ್ಲ ಕೇಳಿಸಿಕೊಂಡಳು. ಯೆಹೂದ್ಯರ ಹಳೆಯ ಕಥೆಗಳಲ್ಲಿ ದಾವೀದ ಕೊಂದ ಗೊಲ್ಯಾತ ರಾಕ್ಷಸ ಒರ್ಫಾಳ ವಂಶದವನೆಂದು ಪಾದ್ರಿಗಳು ಒಮ್ಮೆ ಪ್ರಸಂಗದ ನಡುವೆ ಹೇಳಿದ್ದೇ ತಡ, ಓಣಿಯ ಹುಡುಗರು ಅವಳನ್ನು ಗೊಲ್ಯಾತನ ಅಜ್ಜಿ ಎನ್ನತೊಡಗಿದರು.

“ಈ ಹೆಸರು ಬದಲ್ ಮಾಡವ್ವ,” ಎಂದು ಅವಳು ತಾಯಿಯ ಮುಂದೆ ಅತ್ತಳು.

ಸಾಯಬಮ್ಮ ಹಿಟ್ಟಿನ ಕೈಯಲ್ಲೇ ಅವಳ ಕಣ್ಣು ಒರೆಸಿದಳು. “ಹಡದವ್ವನ ಮನಿಗಿ ಹೋಗೂದು ತಪ್ಪೇನಬೇ? ಮಂದಿ ಏನರ ಅನ್ಲಿ. ನನಗ ಚಲೋ ಅನಸ್ತು, ಇಟ್ಟೀನಿ.”

ಆ ದಿನ ಹುಡುಗಿ ಮನಸ್ಸಿನಲ್ಲೇ ಒಂದು ಗಂಟು ಹಾಕಿಕೊಂಡಳು. ಹೆಸರು ಬದಲಾಗದಿದ್ದರೆ ಬೇಡ, ತಾನು ಮಾತ್ರ ಆ ಒರ್ಫಾ ಆಗುವುದಿಲ್ಲ. ಮಕ್ಕಳು ಇಂಥ ಗಂಟು ಎಷ್ಟೋ ಹಾಕುತ್ತಾರೆ, ದೊಡ್ಡವರಾಗುವ ಹೊತ್ತಿಗೆ ತಾನಾಗಿ ಬಿಚ್ಚಿಹೋಗುತ್ತವೆ. ಇವಳದ್ದು ಬಿಗಿಯುತ್ತಲೇ ಹೋಯಿತು.

ಬಸವ ಸುರಪುರದ ಕಡೆಯ ಬೋನಾಳದ ಹುಡುಗ. ಕಡೇಚೂರಿನ ಒಂದು ಕಾರ್ಖಾನೆಗೆ ದುಡಿಯಲು ಬಂದವನು ಸಾಯಬಮ್ಮನ ರೊಟ್ಟಿಗೆ ಗಿರಾಕಿಯಾದ, ಆಮೇಲೆ ಮಗಳಿಗೂ ಮನಸ್ಸು ಕೊಟ್ಟ. ಅವನು ಹಿಂದೂ, ಇವಳು ಚರ್ಚಿನವಳು. ಚರ್ಚಿನವರೂ ಮುಖ ಗಂಟಿಕ್ಕಿದರು, ಬೋನಾಳದವರೂ ಗಂಟಿಕ್ಕಿದರು, ಎರಡು ಕಡೆಯವರೂ ಊಟಕ್ಕೆ ಮಾತ್ರ ತಪ್ಪದೆ ಬಂದರು. ಬಸವನ ತಾಯಿ ಭೀಮಮ್ಮ, ಗಂಡನಿಲ್ಲದವಳು, ಕೂಲಿನಾಲಿ ಮಾಡಿ ಮಗನನ್ನು ಬೆಳೆಸಿದವಳು. ಆಕೆ ಸೊಸೆಯ ಹೆಸರನ್ನು ಬಾಯಲ್ಲಿ ಎರಡು ಸಲ ತಿರುಗಿಸಿ ನೋಡಿ, “ಒರಪಾ ಅಂತೀನಿ, ನಡೀತದಿಲ್ಲೋ?” ಎಂದಳು. ಅದರ ಅರ್ಥ ಕೇಳಲಿಲ್ಲ. ಒರ್ಫಾಳಿಗೆ ಆ ಮನೆ ಅಂದೇ ಹಿಡಿಸಿತು. ಬೋನಾಳದಲ್ಲಿ ರೂತಳ ಕಥೆ ಗೊತ್ತಿದ್ದವರು ಒಬ್ಬರೂ ಇರಲಿಲ್ಲ.

ಕೆಲವು ವರ್ಷ ಸುಖವಾಗಿ ಹೋದವು. ಮಕ್ಕಳಾಗಲಿಲ್ಲ. ಬಸವನಿಗೆ ಕಾಮಣಿ ಆಯಿತು. ಯಾರೋ ಕೊಟ್ಟ ನಾಟಿ ಔಷಧಿ ಕುಡಿಯುತ್ತ ಕಾಲ ಕಳೆದ, ಕಲಬುರಗಿಯ ದವಾಖಾನೆಗೆ ಒಯ್ಯುವಷ್ಟರಲ್ಲಿ ಮೈಯೆಲ್ಲ ಅರಿಷಿಣವಾಗಿತ್ತು. ಅಲ್ಲಿಂದ ಅವನ ಹೆಣವನ್ನೇ ತಂದರು.

ನಮ್ಮ ಕಡೆ ಗಂಡ ಸತ್ತವಳಿಗೆ ದಿನಕರ್ಮ ಮುಗಿದ ಮೇಲೆ ತವರಿನವರು ಸೀರೆ ತಂದು ಉಡಿಸಿ, ಕೆಲವು ದಿನ ಇರಲೆಂದು ಕರೆದುಕೊಂಡು ಹೋಗುವುದುಂಟು. ಸಾಯಬಮ್ಮ ಸೀರೆ ತಂದಳು. ಜೊತೆಗೆ ಪಕ್ಕದ ಕೋಣೆಯ ಅರ್ಜುಮಂದಳನ್ನೂ ಕರೆತಂದಿದ್ದಳು. ಅರ್ಜುಮಂದ ಬಟ್ಟೆ ಹೊಲಿಯುವ ಹೆಂಗಸು, ಒರ್ಫಾಳಿಗೆ ಚಿಕ್ಕಂದಿನಿಂದಲೂ ಚಾಚಿ. ಸೀರೆ ಉಡಿಸಿದ್ದಾಯಿತು. ಓಣಿಯವರೆಲ್ಲ ಅಂಗಳದಲ್ಲಿ ಕೂತಿದ್ದರು. ಆಗ ಭೀಮಮ್ಮ ಸೊಸೆಯ ಬೆನ್ನ ಮೇಲೆ ಕೈಯಾಡಿಸಿ ಹೇಳಿದಳು:

“ಹೋಗವ್ವ ತಂಗಿ. ನಿಂದಿನ್ನೂ ವಯಸ್ಸದ. ನಿಮ್ಮವ್ವನ ಮನಿಗಿ ಹೋಗು. ಮುಂದ ಯಾರರ ಚಲೋ ಹುಡುಗ ಸಿಕ್ಕರ ಮದಿವಿನೂ ಮಾಡ್ಕೋ. ನಂದೇನದ, ಹ್ಯಾಂಗೋ ಆಗ್ತದ.”

ಒರ್ಫಾ ತಲೆ ಎತ್ತಿ ಅತ್ತೆಯನ್ನು ನೋಡಿದಳು. ಬೈಬಲ್ಲು ಮುಟ್ಟಿಯೂ ಗೊತ್ತಿಲ್ಲದ ಈ ಮುದುಕಿ ನೊವೊಮಿಯ ಮಾತನ್ನೇ ಆಡಿಬಿಟ್ಟಿದ್ದಳು. ಅವಳಿಗೆ ಸಂಡೇಸ್ಕೂಲಿನ ಆ ಎಡಬದಿ ಕಂಡಿತು, ಮರಿಲಿಂಗಮ್ಮ ಟೀಚರ ನಗು ಕಂಡಿತು. ಎದುರಿಗೆ ಕೂತ ತಾಯಿ ಮಾತ್ರ ಕಾಣಲಿಲ್ಲ. ಅವಳು ಬಾಗಿ ಅತ್ತೆಯ ಕಾಲು ಹಿಡಿದಳು.

“ಹೋಗಂಗಿಲ್ರಿ ಅತ್ತಿ. ನೀವೆಲ್ಲಿರ್ತೀರಿ ನಾನೂ ಅಲ್ಲೇ.”

ಅಂಗಳದಲ್ಲಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಡೆದ ಮಗಳೂ ಹೀಗೆ ಮಾಡಳು ಎಂದರು. ಭೀಮಮ್ಮ ಗಳಗಳ ಅತ್ತಳು. ಸಾಯಬಮ್ಮ ತಾನು ತಂದ ಬುತ್ತಿಯ ಗಂಟನ್ನು ಬಿಚ್ಚಿ ಎಲ್ಲರಿಗೂ ಹಂಚಿದಳು, ತಾನೂ ಒಂದು ತುತ್ತು ಉಂಡಳು, “ಆಗ್ಲಿ, ಇದೂ ಚಲೋನೇ ಆತು,” ಎಂದು ಎದ್ದಳು. ಮಗಳು ಅವಳನ್ನು ಬಸ್ಸಿನ ತನಕ ಕಳಿಸಲೂ ಹೋಗಲಿಲ್ಲ. ಹೋದರೆ ಹತ್ತಿಬಿಡುತ್ತೇನೆ ಎಂದು ಅವಳಿಗೆ ತನ್ನ ಮೇಲೇ ಭಯವಿತ್ತು.

ಅಲ್ಲಿಂದ ಅವಳು ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಳು: ತವರಿಗೆ ಹೋಗಬಹುದು, ಅಲ್ಲಿ ರಾತ್ರಿ ಮಲಗುವಂತಿಲ್ಲ. ಕ್ರಿಸ್ಮಸ್ಸಿಗೆ ಬೆಳಗಿನ ಬಸ್ಸಿಗೆ ಸುರಪುರ ಬಿಟ್ಟು, ಶಹಾಪುರ, ಯಾದಗಿರಿ ದಾಟಿ ಸೈದಾಪುರಕ್ಕೆ ಹೋಗಿ, ತಾಯಿಯ ಕೈಯ ಊಟ ಉಂಡು, ಹೊತ್ತು ಇಳಿಯುವುದರೊಳಗೆ ಮತ್ತೆ ಬಸ್ಸು ಹತ್ತುವಳು. “ಇವತ್ತೊಂದಿನ ಇರಬೇ,” ಎಂದು ತಾಯಿ ಪ್ರತಿ ಸಲ ಕೇಳುವಳು. “ಅತ್ತಿ ಒಬ್ಬಾಕಿನ ಆಗ್ತಾಳವ್ವ,” ಎಂದು ಮಗಳು ಪ್ರತಿ ಸಲ ಹೇಳುವಳು. ಅತ್ತೆಗೆ ಮಂಡಿನೋವು ಇದ್ದದ್ದು ನಿಜ, ಕಣ್ಣು ಮಂದವಾದದ್ದೂ ನಿಜ. ಆದರೆ ಒಂದು ರಾತ್ರಿ ಒಬ್ಬಳೇ ಕಳೆಯಲಾರದಷ್ಟು ಭೀಮಮ್ಮ ಯಾವತ್ತೂ ಸೋತಿರಲಿಲ್ಲ.

ಬೋನಾಳದಲ್ಲಿ ಅವಳ ಹೆಸರು ದೊಡ್ಡದಾಯಿತು. ಸೊಸೆಯರ ಜೊತೆ ಜಗಳವಾದ ಅತ್ತೆಯರು ಅವಳನ್ನು ತೋರಿಸಿ ಮಾತಾಡುವರು. ಸುದ್ದಿ ಸೈದಾಪುರಕ್ಕೂ ಮುಟ್ಟಿ, ಹೊಸದಾಗಿ ಬಂದ ಪಾದ್ರಿಗಳು ಪ್ರಸಂಗದಲ್ಲಿ, ನಮ್ಮ ಒರ್ಫಾ ರೂತ್ ಆದಳು ಎಂದರು. ಚರ್ಚಿನ ಹೆಂಗಸರು ಸಾಯಬಮ್ಮನ ಕೈ ಹಿಡಿದು ಭಾಗ್ಯವಂತೆ ಎಂದರು. ಆಕೆ ಕೋಣೆಗೆ ಬಂದು ರೊಟ್ಟಿ ಹಂಚು ಒಲೆಯ ಮೇಲಿಟ್ಟು, “ನಾ ಆ ಹೆಸರು ಇದಕ್ಕ ಇಟ್ಟಿದ್ದಿಲ್ಲ,” ಎಂದಷ್ಟೇ ಅಂದಳೆಂದು ಅರ್ಜುಮಂದ ಫೋನಿನಲ್ಲಿ ಹೇಳಿದಳು. ಒರ್ಫಾಳಿಗೆ ಆ ಮಾತು ಚುಚ್ಚಿತು. ಆದರೂ ಪಾದ್ರಿಗಳ ಮಾತು ಕಿವಿಗೆ ಸಿಹಿಯಾಗಿತ್ತು, ಸುಳ್ಳೇಕೆ ಹೇಳಬೇಕು. ಹೊಗಳಿಕೆ ಎಂಬುದು ಕಾಣದ ಹಗ್ಗ. ಕಟ್ಟಿಸಿಕೊಂಡವರಿಗೆ ಅದು ಹೂಮಾಲೆಯ ಹಾಗೆ ತೋರುತ್ತದೆ.

ಹೋದ ವರ್ಷ ಚಳಿಗಾಲದಲ್ಲಿ ಸಾಯಬಮ್ಮ ಮಲಗಿದಳು. ಎದೆಯಲ್ಲಿ ನೀರು ತುಂಬಿತ್ತು. ಯಾದಗಿರಿಯ ದವಾಖಾನೆಯವರು, ಮನೆಗೆ ಕರಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಎಂದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು.

“ಬೇಟಿ, ಈ ಸಲ ಬಂದು ಕೂತು ಹೋಗೂದಲ್ಲ,” ಎಂದಳು ಅರ್ಜುಮಂದ ಫೋನಿನಲ್ಲಿ. “ಇರಾಕ ಬಾ. ಒಂದು ರಾತ್ರಿ ನನ್ನ ಮಗಳು ಬಾಜೂಕ ಮಲಗ್ಲಿ ಅಂತ ಬಾಯಿ ಬಿಟ್ಟು ಕೇಳಾಕತ್ತಾಳ.”

ಭೀಮಮ್ಮ ತಾನೇ ಸೊಸೆಯ ಸೀರೆಗಳನ್ನು ಚೀಲಕ್ಕೆ ತುಂಬಿದಳು. ಪಕ್ಕದ ಮನೆಯ ಸವಿತಾಳಿಗೆ ರಾತ್ರಿ ತನ್ನ ಜೊತೆ ಮಲಗಲು ಹೇಳಿಟ್ಟಳು. “ಎಷ್ಟು ದಿನ ಆಗ್ತದ ಆಗ್ಲಿ, ನನ್ನ ಫಿಕರ್ ಮಾಡಬ್ಯಾಡ. ನಿಮ್ಮವ್ವನ್ನ ನೋಡ್ಕೋ,” ಎಂದು ಬಾಗಿಲ ತನಕ ಬಂದು ಕಳಿಸಿದಳು.

ಒರ್ಫಾ ಮುಟ್ಟಿದಾಗ ಮಧ್ಯಾಹ್ನ. ತಾಯಿ ಅರ್ಧದಷ್ಟಾಗಿದ್ದಳು. ಮಗಳು ನೀರು ಕಾಯಿಸಿ ಮೈ ಒರೆಸಿದಳು, ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ಸಾಯಬಮ್ಮ ಕಣ್ಣು ಮುಚ್ಚಿಕೊಂಡು, “ಇವತ್ತ ಇರ್ತಿ?” ಎಂದು ಕೇಳಿದಳು.

“ಇರ್ತೀನವ್ವ.”

ತಾಯಿ ಕಣ್ಣು ತೆರೆದು ಮಗಳ ಮುಖ ನೋಡಿದಳು. ಇನ್ನೂ ಬಿಸಿಲಿದ್ದಾಗಲೇ ಅರ್ಜುಮಂದಳನ್ನು ಕೂಗಿ ಕೌದಿ ತರಿಸಿ, ತನ್ನ ಪಕ್ಕದಲ್ಲಿ ಹಾಸಿಗೆ ಹಾಸಿಸಿದಳು. ಈಗಲೇ ಯಾಕೆ ಎಂದು ಅರ್ಜುಮಂದ ನಕ್ಕಳು. ಹಾಸಿರಲಿ, ನೋಡ್ತೀನಿ ಎಂದಳು ಸಾಯಬಮ್ಮ. ಅವಳ ಕೈ ಆ ಕೌದಿಯ ಮೇಲೇ ಇತ್ತು. ಒರ್ಫಾಳಿಗೆ ಅದನ್ನು ನೋಡಿ ಸಂಕಟವಾಯಿತು, ಜೊತೆಗೆ ಎಷ್ಟೋ ವರ್ಷಗಳಿಂದ ಇಲ್ಲದ ನೆಮ್ಮದಿಯೂ ಆಯಿತು. ಇದಿಷ್ಟಕ್ಕೆ ನಾನು ಇಷ್ಟು ಹೆದರಿದೆನಲ್ಲ ಎಂದುಕೊಂಡಳು.

ಇಳಿಹೊತ್ತಿಗೆ ಚರ್ಚಿನ ಹೆಂಗಸರು ಪ್ರಾರ್ಥನೆ ಮಾಡಲು ಬಂದರು. ಮುಂದೆ ಮರಿಲಿಂಗಮ್ಮ ಟೀಚರು, ಈಗ ಕೋಲು ಹಿಡಿದ ಮುದುಕಿ. ಪ್ರಾರ್ಥನೆ ಮುಗಿಯಿತು. ಟೀಚರು ಮೂಲೆಯಲ್ಲಿದ್ದ ಬಟ್ಟೆಯ ಚೀಲ ನೋಡಿದರು, ಹಾಸಿದ ಹಾಸಿಗೆ ನೋಡಿದರು, ಹಲ್ಲಿಲ್ಲದ ಬಾಯಲ್ಲಿ ನಕ್ಕರು.

“ಏನವಾ ಒರ್ಫಾ, ಕಡೀಕ ಹೊಳ್ಳಿ ಬಂದೇ ಬಿಟ್ಟಿ?”

ಹಾಸ್ಯಕ್ಕೆ ಅಂದ ಮಾತು. ಹೆಂಗಸರು ಸುಮ್ಮನೆ ನಕ್ಕರು, ಮಾತು ಬೇರೆ ಕಡೆ ಹೋಯಿತು, ಅವರೂ ಹೋದರು. ಆಡಿದವರಿಗೆ ಮಾತು ಮರೆತುಹೋಗುತ್ತದೆ. ಒರ್ಫಾ ಮಾತ್ರ ಗೋಡೆಗೆ ಆತು ನಿಂತೇ ಇದ್ದಳು. ಇಷ್ಟು ವರ್ಷ ಕಟ್ಟಿಕೊಂಡು ಬಂದದ್ದೆಲ್ಲ ಒಂದು ಚೀಲ, ಒಂದು ಹಾಸಿಗೆಯಿಂದ ಮುರಿದುಬಿತ್ತು ಎನ್ನಿಸಿತು. ಅವಳು ಚೀಲ ಎತ್ತಿಕೊಂಡಳು.

“ಅತ್ತಿ ಒಬ್ಬಾಕಿನ ಅದಾಳವ್ವ. ನಾಳಿ ಮುಂಜಾನಿ ಬಸ್ಸಿಗೇ ಮತ್ತ ಬರ್ತೀನಿ.”

ಸಾಯಬಮ್ಮ ಜಗಳಾಡಲಿಲ್ಲ. ಜಗಳಾಡಿದ್ದರೆ ಮಗಳು ಉಳಿಯುತ್ತಿದ್ದಳೋ ಏನೋ. “ಆಗ್ಲಿ,” ಎಂದಳು. “ಯಾದಗಿರ್ಯಾಗ ಸುರಪುರ ಬಸ್ಸು ತಪ್ಪತದ. ಜಲ್ದಿ ಹೋಗು.” ಮಗಳು ಹೊಸ್ತಿಲು ದಾಟುವಾಗ ಕೇಳಿತು, ತಾಯಿ ಅರ್ಜುಮಂದಳಿಗೆ ಹೇಳುತ್ತಿದ್ದಳು: ಆ ಹಾಸಿಗಿ ತೆಗೀಬ್ಯಾಡ, ನಾಳಿ ಬರ್ತಾಳಂತ.

ಬೆಳಿಗ್ಗೆ ಒರ್ಫಾ ಬಸ್ಸು ಹಿಡಿಯಲು ಹೊರಟಾಗ ಫೋನು ಬಂತು. ಕೋಳಿ ಕೂಗುವ ಹೊತ್ತಿಗೆ ಹೋಗಿದ್ದಳಂತೆ ಸಾಯಬಮ್ಮ.

ಭೀಮಮ್ಮ ತಾನೂ ಬರುತ್ತೇನೆಂದು ಹಟ ಹಿಡಿದು, ಮಂಡಿ ಹಿಡಿದುಕೊಂಡೇ ಮೂರು ಬಸ್ಸು ಹತ್ತಿ ಇಳಿದಳು. ಮಣ್ಣು ಮಾಡುವ ಜಾಗದಲ್ಲಿ ಪಾದ್ರಿಗಳು ಸಾಯಬಮ್ಮನ ದುಡಿಮೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ, ಆಮೇಲೆ ಒರ್ಫಾಳ ಕಡೆ ತಿರುಗಿದರು. ಈ ಮಗಳು ಹೆಸರಿಗೆ ಮಾತ್ರ ಒರ್ಫಾ, ನಡತೆಯಲ್ಲಿ ರೂತ್, ಇಂಥವಳನ್ನು ಹೆತ್ತ ಹೊಟ್ಟೆ ಧನ್ಯ ಎಂದರು. ಒರ್ಫಾ ತಲೆ ಎತ್ತಲಿಲ್ಲ. ಅಲ್ಲಿಯೇ ಭೂಮಿ ಬಾಯಿಬಿಟ್ಟು ತನ್ನನ್ನೂ ಒಳಗೆ ತೆಗೆದುಕೊಂಡಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು.

ಸಂಜೆ ಅರ್ಜುಮಂದ ಚಹಾ ಕೊಟ್ಟು ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ ಉಳಿದರು. ಹಾಸಿಗೆ ಇನ್ನೂ ಹಾಸಿಯೇ ಇತ್ತು. ಭೀಮಮ್ಮ ಅದರ ಅಂಚಿಗೆ ಕೂತಿದ್ದಳು.

“ಆ ಪಾದ್ರಿ ನಿನಗ ಏನಂದ್ರು?” ಎಂದು ಕೇಳಿದಳು. “ಹೆಸರಿಗಿ ಒಂದು, ನಡಿಯೂದು ಒಂದು ಅಂದಂಗಾತು.”

ಒರ್ಫಾ ಹೇಳಿದಳು. ನೊವೊಮಿ, ರೂತ್, ಹೊಳ್ಳಿ ಹೋದವಳು, ಹೆಡಕು, ಸಂಡೇಸ್ಕೂಲಿನ ಆಟ, ಗೊಲ್ಯಾತನ ಅಜ್ಜಿ, ಎಲ್ಲ. ನಿನ್ನೆ ಮರಿಲಿಂಗಮ್ಮ ಟೀಚರು ಅಂದದ್ದನ್ನೂ ಹೇಳಿದಳು. ಇಷ್ಟು ವರ್ಷದಲ್ಲಿ ಅವಳು ಈ ಕಥೆಯನ್ನು ಅತ್ತೆಗೆ ಹೇಳಿದ್ದು ಅದೇ ಮೊದಲು. ಭೀಮಮ್ಮ ಪೂರ್ತಿ ಕೇಳಿದಳು.

“ಆ ಮುದುಕಿ ತಾನೇ ಹೋಗು ಅಂದಳಲ್ಲ?”

“ಅಂದ್ಳ್ರಿ.”

“ಅಂದಾಗ ಹೋಗ್ಯಾಳ. ಹಡದವ್ವನ ಮನಿಗಿ ಹೋಗ್ಯಾಳ. ಅದಕ್ಕ ಇಷ್ಟು ಮಂದಿ ಇಷ್ಟು ವರ್ಷ ಬೈಯೂದೇನದ? ಆಕಿ ಅವ್ವ ಬಾಗಲದಾಗ ಕುಂತಿರಬೇಕು.”

ಒರ್ಫಾ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಭೀಮಮ್ಮ ಅವಳನ್ನು ಸಮಾಧಾನ ಮಾಡಲಿಲ್ಲ. ಆಕೆ ಏನನ್ನೋ ಹಿಂದೆ ಮುಂದೆ ಮಾಡಿ ಯೋಚಿಸುತ್ತಿದ್ದಳು.

“ನಿನ್ನಿ ರಾತ್ರಿ ನೀ ಬೋನಾಳಕ ಬಂದಾಗ ಸವಿತಾ ನನ್ನ ಕೂಡ ಮಲಗಾಕ ಬಂದಿದ್ಲು,” ಎಂದಳು ಕೊನೆಗೆ. “ಯಾಕ ಬಂದಿ ಅಂತ ನಿನ್ನ ಕೇಳಿದೆ. ನಿಮ್ಮ ಚಿಂತಿ ಆತ್ರಿ ಅಂದಿ.”

ಒರ್ಫಾ ಸೆರಗಿನಿಂದ ಮುಖ ಒರೆಸಿಕೊಂಡಳು.

“ಬಸವ ಹೋದಾಗೂ ಹಂಗೇ ತಿಳದೆ. ನನ್ನ ಮ್ಯಾಲಿನ ಪ್ರೀತಿಗಿ ಉಳದಾಳ ಅಂತ. ಊರೆಲ್ಲಾ ಹೇಳಿಕೊಂಡು ತಿರುಗೀನಿ. ಮಗ ಹೋದ, ಆದ್ರ ದೇವ್ರು ಮಗಳನ್ನ ಕೊಟ್ಟ ಅಂತ.” ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. “ನಾ ಹೋಗು ಅಂದದ್ದು ಬಾಯಿಮಾತಲ್ಲಬೇ. ಖರೇನೇ ಅಂದಿದ್ದೆ.”

ಒರ್ಫಾ ಅತ್ತೆಯನ್ನು ಪ್ರೀತಿಸುತ್ತಿದ್ದಳು. ಅದು ಸುಳ್ಳಲ್ಲ. ಒಂದೇ ಒಲೆಯಲ್ಲಿ ಉಂಡು, ಒಂದೇ ಸತ್ತವನಿಗಾಗಿ ಅತ್ತು ಬೆಳೆದ ಪ್ರೀತಿ. ಆದರೆ ಉಳಿದದ್ದು ಅದಕ್ಕಾಗಿ ಅಲ್ಲ ಎಂಬುದೂ ಸುಳ್ಳಲ್ಲ.

ಮರುದಿನ ಬೆಳಿಗ್ಗೆ ಭೀಮಮ್ಮ ಹೊರಟಳು. ಅರ್ಜುಮಂದ ಯಾದಗಿರಿ ತನಕ ಜೊತೆಗೆ ಹೋಗಿ ಸುರಪುರದ ಬಸ್ಸು ಹತ್ತಿಸುವುದೆಂದಾಯಿತು. “ನೀ ಇಲ್ಲೇ ನಾಕು ದಿನ ಇರು,” ಎಂದಳು ಭೀಮಮ್ಮ ಸೊಸೆಗೆ. ಒರ್ಫಾ ಬಸ್ಸಿನ ತನಕ ಹಿಂದೆ ಹಿಂದೆ ಬಂದಳು. ಮುದುಕಿ ಮೆಟ್ಟಿಲಿಗೆ ಕಾಲಿಡುವಾಗ ಅವಳ ತೋಳು ಹಿಡಿದಳು.

“ನಾನೂ ಬರ್ತೀನ್ರಿ ಅತ್ತಿ.”

ಭೀಮಮ್ಮ ತಿರುಗಿ ಮಂಜಾದ ಕಣ್ಣಿನಿಂದ ಅವಳ ಮುಖ ಹುಡುಕಿದಳು. ಆಕೆ ಬೈಯಲು ಕೇಳಿದ್ದಲ್ಲ, ಉತ್ತರ ನಿಜಕ್ಕೂ ಗೊತ್ತಿಲ್ಲದೆ ಕೇಳಿದ್ದು.

“ಈಗ ಯಾರ ಸಲುವಾಗಿ ಬರ್ತಿ?”

ಹಿಂದಿನವರು ಹತ್ತಲು ಅವಸರ ಮಾಡುತ್ತಿದ್ದರು. ಒರ್ಫಾ ಅತ್ತೆಯ ತೋಳು ಬಿಟ್ಟು, ಬಸ್ಸು ಹತ್ತದೆ, ಪಕ್ಕಕ್ಕೆ ಸರಿದು ನಿಂತಳು.